ಹಲವು ಜಾಲಪುಟ, ಒಂದೇ ಫೈಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಕಾಸರಗೋಡು ಜಿಲ್ಲೆಯಿಂದ ಬಂದ ನಾಲ್ಕು ಪತ್ರಗಳು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಆಜ್ಞೆಗಳ ಹಾಗೂ ತಂತ್ರಾಂಶಗಳ ಹೆಸರುಗಳನ್ನು ಅಂಕಣದ ರೂಢಿಯಂತೆ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದೆ. ಕೋಡ್ ಬರೆಯುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು.

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಹೈಸ್ಕೂಲೊಂದರ ಕನ್ನಡ ಮಾಧ್ಯಮ ವಿಭಾಗದಲ್ಲಿ ಅಧ್ಯಾಪಿಕೆ. ಮಕ್ಕಳ ಯಕ್ಷಗಾನ ತಂಡಕ್ಕೆ ಓದಲು ಕೊಡೋಣವೆಂದು ಪಾರ್ತಿಸುಬ್ಬ, ಕುಂಬಳೆ ಸೀಮೆಯ ಮೇಳಗಳು, ತೆಂಕುತಿಟ್ಟಿನ ವೇಷಭೂಷಣ ಮುಂತಾದ ವಿಷಯಗಳ 37 ಲೇಖನಗಳನ್ನು ಬೇರೆ ಬೇರೆ ಜಾಲತಾಣಗಳಲ್ಲಿ ಗುರುತಿಸಿಟ್ಟುಕೊಂಡಿದ್ದೇನೆ. ಒಂದೊಂದನ್ನೂ ಬ್ರೌಸರಿನಲ್ಲಿ ತೆರೆದು, ಪಿಡಿಎಫ್ ಮಾಡಿ, ಆಮೇಲೆ ಎಲ್ಲವನ್ನೂ ಜೋಡಿಸಿದೆ. 212 ಪುಟಗಳಾದವು. ಪ್ರತಿ ಲೇಖನದ ತಲೆಯಲ್ಲಿ ಮೆನು, ನಡುವೆ ಜಾಹೀರಾತು. 10ನೆಯ ಲೇಖನ 2ನೆಯದಕ್ಕಿಂತ ಮೊದಲು ಬಂದು ಕುಳಿತಿದೆ. 'ಕುಂಬಳೆ' ಎಂದು ಹುಡುಕಿದರೆ ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಕೋಡ್ ಬರೆದು ಇದನ್ನು ಸರಿಯಾಗಿ ಮಾಡಲು ಸಾಧ್ಯವೇ? ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಕೇರಳದ ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರಕಾರಿ ಕೈಟ್ ಸಂಸ್ಥೆಯವರು ಕೊಟ್ಟ ಲಿನಕ್ಸ್ ಇದೆ. ಪೈಥಾನ್ ಅಲ್ಪಸ್ವಲ್ಪ ಗೊತ್ತು.

ಉತ್ತರ: ಖಂಡಿತ ಸಾಧ್ಯ, ಮತ್ತು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಬೇಕಾದುದರ ಬಹುಪಾಲು ಈಗಾಗಲೇ ಇದೆ. ಕೈಟ್‌ನ ಲಿನಕ್ಸ್ ಉಬುಂಟುವನ್ನು ಆಧರಿಸಿದ್ದರಿಂದ ಪೈಥಾನ್, ಲಿಬ್ರೆ ಆಫೀಸ್ ಎರಡೂ ಸಿದ್ಧವಾಗಿವೆ. ರಿಕ್ವೆಸ್ಟ್ಸ್, ಬ್ಯೂಟಿಫುಲ್ ಸೂಪ್ ಎಂಬ ಎರಡು ಪೈಥಾನ್ ಲೈಬ್ರರಿಗಳನ್ನೂ ಪ್ಯಾನ್‌ಡಾಕ್ ಎಂಬ ಪರಿವರ್ತಕವನ್ನೂ ಉಬುಂಟುವಿನ ಭಂಡಾರದಿಂದಲೇ ಹಾಕಿಕೊಳ್ಳಬಹುದು. ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ತಮ್ಮ ತೊಂದರೆಗೆಲ್ಲ ಮೂಲ ಇರುವುದು ಕೆಲಸದ ಕ್ರಮದಲ್ಲಿ. ಮೊದಲು ಪಿಡಿಎಫ್, ಆಮೇಲೆ ಜೋಡಣೆ ಎಂಬ ಅದೇ ಕ್ರಮವನ್ನು ಕೋಡ್‌ನಲ್ಲಿ ಬರೆದರೆ ಅದೇ 212 ಪುಟಗಳ ಅದೇ ಫೈಲು ಎರಡು ನಿಮಿಷದಲ್ಲಿ ಸಿಗುತ್ತದೆ, ಅಷ್ಟೇ ಲಾಭ.

ಪಿಡಿಎಫ್ ಎಂಬುದು ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ, 2008ರಲ್ಲಿ ಐಎಸ್‌ಒ ಮಾನಕವಾದ ರೂಪ. ಹಾಳೆ ಎಲ್ಲಿ ತೆರೆದರೂ ಒಂದೇ ರೀತಿ ಕಾಣಬೇಕೆಂಬುದು ಅದರ ಉದ್ದೇಶವಾದ್ದರಿಂದ, 'ಇದು ಶೀರ್ಷಿಕೆ, ಇದು ಪ್ಯಾರಾ' ಎಂಬ ತಿಳಿವಳಿಕೆಗಿಂತ 'ಈ ಆಕೃತಿಯನ್ನು ಹಾಳೆಯ ಈ ಜಾಗದಲ್ಲಿ ಇಡು' ಎಂಬ ಸೂಚನೆಗಳೇ ಅದರೊಳಗೆ ತುಂಬಿರುತ್ತವೆ. ಕನ್ನಡದಲ್ಲಿ ವ್ಯಂಜನ, ಒತ್ತು, ಸ್ವರಚಿಹ್ನೆಗಳು ಕೂಡಿ ಹೊಸ ಆಕೃತಿಗಳಾಗುತ್ತವೆ. ಆ ಆಕೃತಿಯಿಂದ ಮೂಲ ಅಕ್ಷರಗಳಿಗೆ ಹಿಂದಿರುಗುವ ನಕ್ಷೆ ಫೈಲಿನೊಳಗೆ ಸರಿಯಾಗಿ ಅಡಕವಾಗದಿದ್ದರೆ ಕಣ್ಣಿಗೆ ಕಂಡ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಪಿಡಿಎಫ್ ಆದ ಮೇಲೆ ಪಠ್ಯವನ್ನು ತಿದ್ದಲು ಹೊರಡುವುದು, ಒತ್ತಿ ಒಣಗಿಸಿದ ಹಲಸಿನ ಹಪ್ಪಳವನ್ನು ಮತ್ತೆ ಹಿಟ್ಟು ಮಾಡಲು ಹೊರಟಂತೆ. ಆದ್ದರಿಂದ ಪುಟಗಳು ಜಾಲಪುಟದ ಮೂಲರೂಪದಲ್ಲಿ, ಅಂದರೆ ಎಚ್‌ಟಿಎಂಎಲ್ ಆಗಿ ಇರುವಾಗಲೇ ಅವನ್ನು ಶುಚಿಗೊಳಿಸಿ, ಜೋಡಿಸಿ, ಕೊನೆಯಲ್ಲಿ ಒಂದೇ ಒಂದು ಸಲ ಪರಿವರ್ತಿಸುವುದು ಸರಿಯಾದ ದಾರಿ.

ಮೊದಲು ಒಂದು ಸಾದಾ ಪಠ್ಯ ಫೈಲಿನಲ್ಲಿ 37 ವಿಳಾಸಗಳನ್ನು ಸಾಲಿಗೊಂದರಂತೆ, ಪುಸ್ತಕದಲ್ಲಿ ಯಾವ ಅನುಕ್ರಮ ಬೇಕೋ ಅದೇ ಅನುಕ್ರಮದಲ್ಲಿ ಬರೆದಿಡಿ. ತಮ್ಮ 10ನೆಯ ಲೇಖನ 2ನೆಯದನ್ನು ದಾಟಿ ಮುಂದೆ ಹೋದುದಕ್ಕೆ ಕಾರಣ, ಫೈಲುಗಳ ಹೆಸರನ್ನು ಕಂಪ್ಯೂಟರು ಸಂಖ್ಯೆಯಾಗಿ ನೋಡದೆ ಅಕ್ಷರಗಳಾಗಿ ನೋಡಿ, ಮೊದಲ ಅಕ್ಷರವಾದ 1 ಎಂಬುದು 2ಕ್ಕಿಂತ ಹಿಂದಿನದೆಂದು ತೀರ್ಮಾನಿಸಿದ್ದು. ಪಟ್ಟಿಯೇ ಅನುಕ್ರಮವನ್ನು ಹೇಳಿದರೆ ಈ ಪ್ರಶ್ನೆ ಏಳುವುದಿಲ್ಲ. ಆದರೂ ಉಳಿಸುವ ಫೈಲುಗಳಿಗೆ 01, 02 ಎಂದು ಸೊನ್ನೆ ಸೇರಿಸಿಯೇ ಹೆಸರಿಡಿ.

ಅನಂತರ ರಿಕ್ವೆಸ್ಟ್ಸ್‌ನ 'ಗೆಟ್' ಆಜ್ಞೆಯಿಂದ ಒಂದೊಂದೇ ಪುಟವನ್ನು ತರಿಸಿ, ಏನನ್ನೂ ಬದಲಿಸದೆ ಡಿಸ್ಕಿನಲ್ಲಿ ಉಳಿಸಿಕೊಳ್ಳಿ. ಎರಡು ಪುಟಗಳ ನಡುವೆ 'ಟೈಮ್' ಎಂಬ ಭಾಗದ 'ಸ್ಲೀಪ್' ಆಜ್ಞೆಯಿಂದ ಮೂರು ಸೆಕೆಂಡು ಬಿಡುವು ಕೊಟ್ಟರೆ 37 ಪುಟಗಳಿಗೆ ಎರಡು ನಿಮಿಷದಷ್ಟೇ ಬಿಡುವಾಗುತ್ತದೆ, ಎದುರಿನ ಸರ್ವರಿಗೂ ಹೊರೆಯಾಗುವುದಿಲ್ಲ. ಈ ಎಚ್ಚರಿಕೆ ನನ್ನ ಅನುಭವದ್ದು. ಹಿಂದೊಮ್ಮೆ ಒಂದು ಪತ್ರಿಕೆಯ ಹಳೆಯ ಬರಹಗಳನ್ನು ಒಟ್ಟುಮಾಡುವಾಗ ನಾನು ಪುಟಗಳನ್ನು ಉಳಿಸಿಕೊಳ್ಳದೆ, ಕೋಡ್ ತಿದ್ದಿದಾಗಲೆಲ್ಲ ಎಲ್ಲವನ್ನೂ ಹೊಸದಾಗಿ ತರಿಸುತ್ತಿದ್ದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಆ ತಾಣ ನನಗೆ ಬಾಗಿಲು ಹಾಕಿತ್ತು. ಪ್ರತಿ ವಿಳಾಸಕ್ಕೂ 403 ಎಂಬ ಉತ್ತರ. ತಪ್ಪು ನನ್ನದೇ. ಉಳಿಸಿದ ಪ್ರತಿ ಕೈಯಲ್ಲಿದ್ದರೆ ಶುಚಿ ಮಾಡುವ ಕೋಡನ್ನು ಎಷ್ಟು ಸಲ ಬೇಕಾದರೂ ಓಡಿಸಿ ನೋಡಬಹುದು.

ಕನ್ನಡದವರು ಮುಗ್ಗರಿಸುವ ಮೊದಲ ಜಾಗ ಇಲ್ಲಿಯೇ ಇದೆ. ಪುಟವು ಯಾವ ಅಕ್ಷರಸಂಕೇತದಲ್ಲಿದೆ ಎಂದು ಸರ್ವರು ತನ್ನ ಉತ್ತರದ ತಲೆಬರಹದಲ್ಲಿ ಹೇಳದಿದ್ದರೆ, ರಿಕ್ವೆಸ್ಟ್ಸ್ ಅದನ್ನು ಐಎಸ್‌ಒ-8859-1 ಎಂಬ ಪಶ್ಚಿಮ ಯೂರೋಪಿನ ಸಂಕೇತವೆಂದು ಭಾವಿಸಿಕೊಳ್ಳುತ್ತದೆ. ಈಗಿನ ಹೆಚ್ಚಿನ ಜಾಲಪುಟಗಳ ಸಂಕೇತವಾದ ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಮೂರು ಬೈಟುಗಳು. ಆ ಮೂರನ್ನೂ ಬಿಡಿಬಿಡಿಯಾಗಿ ಓದಿದಾಗ ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ 'ಎ', ಅದರ ಪಕ್ಕ ಮೇಲಕ್ಕೇರಿ ಕುಳಿತ ಸಣ್ಣ 2 ಅಥವಾ 3, ಮತ್ತೊಂದು ಗುರುತು, ಹೀಗೆ ಸಾಲುಗಟ್ಟಿದ ಕಸ ತೆರೆಯ ತುಂಬ ಹರಡಿಕೊಳ್ಳುತ್ತದೆ. ಈ ಓರೆಗೀಟಿನ 'ಎ' ಮತ್ತೆ ಮತ್ತೆ ಕಂಡಿತೆಂದರೆ ಫಾಂಟಿನ ದೋಷವೆಂದು ಹುಡುಕಾಡಬೇಡಿ; ಸಂಕೇತವನ್ನು ತಪ್ಪಾಗಿ ಓದಲಾಗಿದೆ ಎಂದೇ ಅರ್ಥ. ಪರಿಹಾರ ಸುಲಭ. ಉತ್ತರದ 'ಟೆಕ್ಸ್ಟ್' ಭಾಗವನ್ನು ಬಳಸದೆ, ಬೈಟುಗಳು ಇದ್ದ ಹಾಗೆಯೇ ಇರುವ 'ಕಂಟೆಂಟ್' ಭಾಗವನ್ನು ಬ್ಯೂಟಿಫುಲ್ ಸೂಪ್‌ಗೆ ಕೊಟ್ಟರೆ ಅದು ಪುಟದೊಳಗಿನ ಘೋಷಣೆಯನ್ನು ಓದಿ ಸರಿಯಾದ ಸಂಕೇತವನ್ನು ಹಿಡಿಯುತ್ತದೆ.

ಶುಚಿಗೊಳಿಸುವುದೇ ಈ ಕೆಲಸದ ಮುಕ್ಕಾಲು ಭಾಗ. ಬ್ರೌಸರಿನಲ್ಲಿ ಲೇಖನದ ಮೊದಲ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಇನ್‌ಸ್ಪೆಕ್ಟ್' ಆರಿಸಿದರೆ ಆ ಸಾಲು ಯಾವ ಪೆಟ್ಟಿಗೆಯೊಳಗಿದೆ ಎಂಬುದು ಕಾಣುತ್ತದೆ. ಹಲವು ತಾಣಗಳಲ್ಲಿ ಅದು 'ಆರ್ಟಿಕಲ್' ಅಥವಾ 'ಮೇನ್' ಎಂಬ ಟ್ಯಾಗ್. ಉಳಿದ ಕಡೆ ಆ ತಾಣದವರೇ ಇಟ್ಟುಕೊಂಡ ಹೆಸರಿನ 'ಡಿವ್'. ತಮ್ಮ 37 ಲೇಖನಗಳು ಐದಾರು ತಾಣಗಳವಾಗಿದ್ದರೆ ಐದಾರು ಹೆಸರುಗಳನ್ನು ಕಂಡುಕೊಂಡರೆ ಸಾಕು. 'ಫೈಂಡ್' ಆಜ್ಞೆಯಿಂದ ಆ ಪೆಟ್ಟಿಗೆಯೊಂದನ್ನೇ ಎತ್ತಿಕೊಂಡು, ಅದರೊಳಗೆ ಉಳಿದ 'ಸ್ಕ್ರಿಪ್ಟ್', 'ಅಸೈಡ್', ಹಂಚಿಕೊಳ್ಳುವ ಗುಂಡಿಗಳು, 'ಇದನ್ನೂ ಓದಿ' ಎಂಬ ಕೊಂಡಿಗಳು ಇವನ್ನೆಲ್ಲ 'ಡಿಕಂಪೋಸ್' ಎಂಬ ಆಜ್ಞೆಯಿಂದ ಕಿತ್ತುಹಾಕಿ. ಮೆನುವೂ ಜಾಹೀರಾತೂ ಇಲ್ಲಿಗೆ ತೊಲಗುತ್ತವೆ. ಪೆಟ್ಟಿಗೆ ಸಿಕ್ಕಿಯೂ ಅದರೊಳಗೆ ಪಠ್ಯವೇ ಇಲ್ಲವೆಂದಾದರೆ, ಆ ಪುಟದ ಬರಹ ಜಾವಾಸ್ಕ್ರಿಪ್ಟ್ ಓಡಿದ ಮೇಲೆ ತುಂಬಿಕೊಳ್ಳುವಂಥದು. ಅಂಥ ಎರಡು ಮೂರು ಪುಟಗಳಿದ್ದರೆ ಬ್ರೌಸರಿನಲ್ಲಿ ತೆರೆದು ಕೈಯಿಂದಲೇ ಉಳಿಸಿಕೊಳ್ಳಿ, ಹತ್ತಾರು ಇದ್ದರೆ ಮಾತ್ರ ಬ್ರೌಸರನ್ನೇ ನಡೆಸುವ ಪ್ಲೇರೈಟ್‌ನಂತಹ ಲೈಬ್ರರಿ ಕಲಿಯುವ ಶ್ರಮ ಸಾರ್ಥಕ.

ಚಿತ್ರಗಳ ವಿಳಾಸ ಅನೇಕ ಪುಟಗಳಲ್ಲಿ ಅರ್ಧ ಮಾತ್ರ ಬರೆದಿರುತ್ತದೆ. ತಾಣದೊಳಗೆ ಅದು ನಡೆಯುತ್ತದೆ, ತಮ್ಮ ಡಿಸ್ಕಿನಲ್ಲಿ ನಡೆಯುವುದಿಲ್ಲ. ಪೈಥಾನಿನ 'ಯುಆರ್‌ಎಲ್‌ಜಾಯಿನ್' ಎಂಬ ಕಾರ್ಯದಿಂದ ಪುಟದ ವಿಳಾಸವನ್ನು ಅದಕ್ಕೆ ಸೇರಿಸಿ ಪೂರ್ಣಗೊಳಿಸಬೇಕು. ವೇಷಗಳ ಚಿತ್ರಗಳ ಬದಲು ಬೂದು ಚೌಕಗಳು ಬಂದರೆ, ನಿಜವಾದ ವಿಳಾಸ 'ಎಸ್‌ಆರ್‌ಸಿ'ಯಲ್ಲಿಲ್ಲದೆ 'ಡೇಟಾ-ಎಸ್‌ಆರ್‌ಸಿ'ಯಲ್ಲಿ ಅಡಗಿದೆಯೇ ಎಂದು ನೋಡಿ. ಪುಟ ಬೇಗ ತೆರೆಯಲೆಂದು ತಾಣದವರು ಮಾಡುವ ಉಪಾಯ ಅದು.

ಜೋಡಿಸುವ ಮೊದಲು ಶೀರ್ಷಿಕೆಗಳನ್ನು ಒಂದು ಮೆಟ್ಟಿಲು ಕೆಳಗಿಳಿಸಿ. ಪ್ರತಿ ಲೇಖನಕ್ಕೂ ತಾವು ಕೊಡುವ ಹೆಸರು ಮಾತ್ರ 'ಎಚ್1' ಆಗಿ, ಒಳಗಿನ ಎಚ್1 ಎಚ್2 ಆಗಿ, ಎಚ್2 ಎಚ್3 ಆಗಿ ಬದಲಾದರೆ ಪರಿವಿಡಿ ಚೊಕ್ಕವಾಗಿ ಬರುತ್ತದೆ. ಪ್ರತಿ ಲೇಖನದ ಕೊನೆಗೆ ಮೂಲ ವಿಳಾಸವನ್ನೂ ತೆಗೆದುಕೊಂಡ ದಿನಾಂಕವನ್ನೂ ಒಂದು ಸಾಲಿನಲ್ಲಿ ಸೇರಿಸಿ. ಹಾಗೆಯೇ, ಪಠ್ಯವನ್ನು ಒಮ್ಮೆ 'ಯುನಿಕೋಡ್‌ಡೇಟಾ' ಎಂಬ ಭಾಗದ 'ನಾರ್ಮಲೈಸ್' ಕಾರ್ಯದ ಮೂಲಕ, ಎನ್‌ಎಫ್‌ಸಿ ರೂಪ ಕೇಳಿ, ಹಾಯಿಸಿ. ಯುನಿಕೋಡ್‌ನಲ್ಲಿ 'ಕೋಟೆ' ಪದದ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಎರಡೂ ಕಣ್ಣಿಗೆ ಒಂದೇ. ಆದರೆ ಒಂದು ರೂಪದಲ್ಲಿ ಹುಡುಕಿದರೆ ಇನ್ನೊಂದು ಸಿಗುವುದು ಖಚಿತವಲ್ಲ. ಕುಂಬಳೆ ಎಂಬ ಪದದಲ್ಲಿ ಈ ಇಬ್ಬಗೆ ಇಲ್ಲ, ಅಲ್ಲಿ ತಪ್ಪು ಪಿಡಿಎಫ್‌ನದೇ. ಕೋಟೆ, ಮೇಳ, ವೈಭವ ಮುಂತಾದವುಗಳಲ್ಲಿ ಇದು ಕಾಡಬಹುದು.

ಶುಚಿಯ ಉತ್ಸಾಹದಲ್ಲಿ ಕಣ್ಣಿಗೆ ಕಾಣದ ಜೋಡಕ, ವಿಭಾಜಕ ಸಂಕೇತಗಳನ್ನು ಅಳಿಸಿಹಾಕುವವರೂ ಇದ್ದಾರೆ. ಅದನ್ನು ಮಾಡಬೇಡಿ. ಆ ಸಂಕೇತ ಇದ್ದರೆ 'ಸಾಫ್ಟ್‌ವೇರ್', ಹೋದರೆ 'ಸಾಫ್ಟ್ವೇರ್'.

ಹೀಗೆ ಸಿದ್ಧವಾದ ಒಂದೇ ಎಚ್‌ಟಿಎಂಎಲ್ ಫೈಲನ್ನು ಪ್ಯಾನ್‌ಡಾಕ್‌ಗೆ ಕೊಟ್ಟು ಡಾಕ್ಸ್ ರೂಪಕ್ಕೆ, ಅಂದರೆ ವರ್ಡ್ ಫೈಲಾಗಿ, ಬದಲಿಸಿ. 'ಟಿಒಸಿ' ಎಂಬ ಆಯ್ಕೆ ಸೇರಿಸಿದರೆ ಪರಿವಿಡಿಯೂ ಬರುತ್ತದೆ. ತೆರೆದಾಗ ಪರಿವಿಡಿ ಖಾಲಿಯಾಗಿ ಕಂಡರೆ ಲಿಬ್ರೆ ಆಫೀಸ್‌ನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ 'ಅಪ್‌ಡೇಟ್ ಇಂಡೆಕ್ಸ್' ಆರಿಸಬೇಕು. ಪ್ಯಾನ್‌ಡಾಕ್‌ನಿಂದ ನೇರವಾಗಿ ಪಿಡಿಎಫ್ ತೆಗೆಯಲು ಹೋಗದಿರುವುದೇ ಮೇಲು, ಏಕೆಂದರೆ ಅದು ವಾಡಿಕೆಯಲ್ಲಿ ಬಳಸುವ ಪಿಡಿಎಫ್‌ಲೇಟೆಕ್‌ಗೆ ಕನ್ನಡ ಒಗ್ಗುವುದಿಲ್ಲ. ತಿದ್ದಿ ಮುಗಿದ ಡಾಕ್ಸ್ ಫೈಲನ್ನು ಲಿಬ್ರೆ ಆಫೀಸ್‌ನಿಂದಲೇ ಪಿಡಿಎಫ್ ಮಾಡಿ, ಮುದ್ರಣಕ್ಕೆ ಅಕ್ಷಯ ಕೇಂದ್ರಕ್ಕೆ ಒಯ್ಯುವುದಿದ್ದರೂ ಪಿಡಿಎಫನ್ನೇ ಒಯ್ಯಿರಿ. ಅಲ್ಲಿನ ಕಂಪ್ಯೂಟರಿನಲ್ಲಿ ತಮ್ಮ ಕನ್ನಡ ಫಾಂಟು ಇಲ್ಲದಿದ್ದರೆ ಡಾಕ್ಸ್ ಫೈಲಿನ ಪುಟವಿನ್ಯಾಸವೆಲ್ಲ ಕದಲುತ್ತದೆ. ಫಾಂಟು ಸರಿಯಿದೆಯೇ ಎಂದು ನೋಡಲು ನಾನು 'ಕಿಞ್ಞಣ್ಣ' ಎಂಬ ಒಂದೇ ಪದವನ್ನು ಟೈಪಿಸುತ್ತೇನೆ. ಞಕಾರದ ಒತ್ತು ಸರಿಯಾಗಿ ಕುಳಿತರೆ ಉಳಿದುದರ ಬಗ್ಗೆ ಹೆಚ್ಚು ಚಿಂತೆ ಬೇಡ. ಹಳೆಯ ಮಾರ್ಗದರ್ಶಿಗಳಲ್ಲಿ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಉದ್ದ ಹೆಸರಿನ ಸಾಧನವನ್ನು ಹೊಗಳಿರುವುದು ಕಾಣುತ್ತದೆ. ಅದರ ಅಭಿವೃದ್ಧಿ ನಿಂತುಹೋಗಿದೆ, ಹೊಸದಾಗಿ ಕಲಿಯುವವರು ಅದರ ಹಿಂದೆ ಬೀಳಬೇಕಾಗಿಲ್ಲ.

ಪ್ರಶ್ನೆ: ಮಂಜೇಶ್ವರದ ಪದವಿ ವಿದ್ಯಾರ್ಥಿ ನಾನು. ಪೈಥಾನ್-ಡಾಕ್ಸ್ ಬಳಸಿ ಹನ್ನೆರಡು ಪುಟಗಳನ್ನು ಒಂದೇ ವರ್ಡ್ ಫೈಲಿಗೆ ಸೇರಿಸಿದೆ. ಫಾಂಟ್ ಹೆಸರನ್ನು ನೋಟೋ ಸಾನ್ಸ್ ಕನ್ನಡ ಎಂದೂ ಗಾತ್ರವನ್ನು 14 ಎಂದೂ ಕೊಟ್ಟಿದ್ದೇನೆ. ನಡುವೆ ಬರುವ ಇಂಗ್ಲಿಷ್ ಪದಗಳು ದೊಡ್ಡದಾಗುತ್ತವೆ, ಕನ್ನಡ ಮಾತ್ರ ಅಲುಗಾಡುವುದಿಲ್ಲ. ಏಕೆ?

ಉತ್ತರ: ನಿಮ್ಮ ಕೋಡ್ ತಪ್ಪಿಲ್ಲ, ಅರ್ಧ ಮಾತ್ರ ಹೇಳಿದೆ. ಡಾಕ್ಸ್ ಎಂಬುದು ವಾಸ್ತವವಾಗಿ ಒಂದು ಜಿಪ್ ಪೊಟ್ಟಣ. ಫೈಲಿನ ಒಂದು ಪ್ರತಿ ಮಾಡಿಕೊಂಡು ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ 'ವರ್ಡ್' ಎಂಬ ಫೋಲ್ಡರಿನೊಳಗೆ 'ಡಾಕ್ಯುಮೆಂಟ್.ಎಕ್ಸ್‌ಎಂಎಲ್' ಸಿಗುತ್ತದೆ. ಅದರಲ್ಲಿ 'ಆರ್‌ಫಾಂಟ್ಸ್' ಎಂಬ ಟ್ಯಾಗನ್ನು ಹುಡುಕಿ ನೋಡಿ: 'ಆಸ್ಕಿ', 'ಎಚ್‌ಆನ್ಸಿ' ಎಂಬ ಎರಡು ಗುಣಗಳ ಮುಂದೆ ನೀವು ಕೊಟ್ಟ ಫಾಂಟ್ ಹೆಸರಿರುತ್ತದೆ, 'ಸಿಎಸ್' ಎಂಬುದು ಇರುವುದೇ ಇಲ್ಲ. ಈ ಸಿಎಸ್ ಎಂದರೆ ಸಂಕೀರ್ಣ ಲಿಪಿ. ಅರಬಿಯಂತೆ ಕನ್ನಡವೂ ವರ್ಡಿನ ಲೆಕ್ಕದಲ್ಲಿ ಸಂಕೀರ್ಣ ಲಿಪಿಯಾಗಿದ್ದು, ಅದರ ಫಾಂಟನ್ನು ವರ್ಡ್ ಸಿಎಸ್‌ನಿಂದ ಮಾತ್ರ ಓದುತ್ತದೆ. ಪೈಥಾನ್-ಡಾಕ್ಸ್‌ನ 'ಫಾಂಟ್.ನೇಮ್' ಮೊದಲ ಎರಡನ್ನು ಮಾತ್ರ ತುಂಬುತ್ತದೆ.

ಆದ್ದರಿಂದ ಶೈಲಿಯ ಒಳಗಿನ ಆರ್‌ಫಾಂಟ್ಸ್ ಟ್ಯಾಗನ್ನು ಹಿಡಿದು, 'ಕ್ಯುಎನ್' ಎಂಬ ಸಹಾಯಕ ಕಾರ್ಯದ ಮೂಲಕ 'ಡಬ್ಲ್ಯು:ಸಿಎಸ್' ಗುಣಕ್ಕೂ ಅದೇ ಫಾಂಟ್ ಹೆಸರನ್ನು ನೀವೇ ಬರೆಯಬೇಕು. ಗಾತ್ರಕ್ಕೂ ಇದೇ ಕಥೆ. 'ಎಸ್‌ಝಡ್' ಎಂಬುದು ಇಂಗ್ಲಿಷಿಗೆ, 'ಎಸ್‌ಝಡ್‌ಸಿಎಸ್' ಎಂಬುದು ಕನ್ನಡಕ್ಕೆ; ಎರಡರಲ್ಲೂ ಗಾತ್ರವನ್ನು ಅರ್ಧ ಪಾಯಿಂಟುಗಳಲ್ಲಿ ಎಣಿಸುವುದರಿಂದ 14ರ ಬದಲು 28 ಎಂದು ಬರೆಯಬೇಕು. ದಪ್ಪಕ್ಷರಕ್ಕೆ 'ಬಿ'ಯ ಜೊತೆ 'ಬಿಸಿಎಸ್' ಬೇಕು. ಪ್ರತಿ ಪ್ಯಾರಾಕ್ಕೂ ಇದನ್ನು ಮಾಡುತ್ತ ಹೋಗದೆ, 'ನಾರ್ಮಲ್' ಶೈಲಿಗೂ ಶೀರ್ಷಿಕೆಯ ಶೈಲಿಗಳಿಗೂ ಒಂದೊಂದು ಸಲ ಮಾಡಿದರೆ ಸಾಕು. ಕೋಡ್ ಇಲ್ಲದೆ ಕೈಯಿಂದ ಸರಿಪಡಿಸುವವರು ಲಿಬ್ರೆ ಆಫೀಸ್‌ನ ಭಾಷೆಯ ಆಯ್ಕೆಗಳಲ್ಲಿ ಸಿಟಿಎಲ್, ಅಂದರೆ ಸಂಕೀರ್ಣ ಲಿಪಿಯ ವಿನ್ಯಾಸ, ಎಂಬುದನ್ನು ಸಕ್ರಿಯಗೊಳಿಸಿದರೆ ಶೈಲಿಯ ಕಿಟಕಿಯಲ್ಲಿ ಕನ್ನಡಕ್ಕೆ ಪ್ರತ್ಯೇಕ ಫಾಂಟ್, ಪ್ರತ್ಯೇಕ ಗಾತ್ರದ ಜಾಗ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಹೀಗೆ ಜಾಲಪುಟಗಳನ್ನು ಒಟ್ಟುಗೂಡಿಸುವುದು ಕಾನೂನಿಗೆ ಒಪ್ಪಿಗೆಯೇ? ಗೋವಿಂದ ಪೈಗಳ ಕವಿತೆಗಳನ್ನೂ ಕಯ್ಯಾರರ ಕವಿತೆಗಳನ್ನೂ ಒಂದೇ ಫೈಲಾಗಿ ಮಾಡಿ ನಮ್ಮ ಊರಿನ ವಾಚನಾಲಯದ ಮೂಲಕ ಎಲ್ಲರಿಗೂ ಹಂಚುವ ಆಸೆ ನನ್ನದು. (ನಿವೃತ್ತ ಅಧ್ಯಾಪಕರು, ನೀರ್ಚಾಲು)

ಉತ್ತರ: ಮಾಷ್ಟ್ರೇ, ತಾವು ಹೆಸರಿಸಿದ ಇಬ್ಬರು ಕವಿಗಳ ವಿಷಯದಲ್ಲಿ ಉತ್ತರ ಬೇರೆ ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಅವರ ನಿಧನದ ನಂತರ ಮೊದಲ ಬಾರಿಗೆ ಪ್ರಕಟವಾದ ಬರಹಗಳಿಗೆ ಪ್ರಕಟಣೆಯ ವರ್ಷದಿಂದ ಎಣಿಕೆ ನಡೆಯುತ್ತದೆ, ಮತ್ತು ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿಗಳ ಹಕ್ಕು ಆ ಸಂಪಾದಕರದು. ಜಾಲಪುಟದಿಂದ ತೆಗೆಯುವಾಗ ಅವು ಕವಿತೆಯ ಜೊತೆಗೆ ತಪ್ಪಿ ಸೇರಿಕೊಳ್ಳದಂತೆ ನೋಡಿಕೊಳ್ಳಿ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಅವರ ಕವಿತೆಗಳನ್ನು ಹಂಚಲು ಹಕ್ಕುದಾರರ ಒಪ್ಪಿಗೆ ಬೇಕು, ಮತ್ತು ಆ ಸ್ಥಿತಿ 2075ರ ಕೊನೆಯವರೆಗೂ ಮುಂದುವರಿಯುತ್ತದೆ.

ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾದ ಮಟ್ಟಿಗೆ ಪ್ರತಿ ಮಾಡಿಕೊಳ್ಳುವುದನ್ನು ಅದೇ ಕಾಯಿದೆಯ 52ನೆಯ ಕಲಮು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಪಾಠದ ಸಂದರ್ಭದಲ್ಲಿ ಅಧ್ಯಾಪಕರೋ ವಿದ್ಯಾರ್ಥಿಯೋ ಪ್ರತಿ ಮಾಡುವುದಕ್ಕೂ ಅಲ್ಲಿ ವಿನಾಯಿತಿ ಇದೆ. ಬದಿಯಡ್ಕದ ಅಧ್ಯಾಪಿಕೆಯವರು ತಮ್ಮ ಮಕ್ಕಳ ಪಾಠಕ್ಕೆಂದು ಬಳಸುವಾಗ ಈ ವಿನಾಯಿತಿಯ ಆಸರೆ ಪಡೆಯಬಹುದು. ವಾಚನಾಲಯದಿಂದ ಊರಿಗೆಲ್ಲ ಹಂಚುವುದು, ವಾಟ್ಸಾಪ್ ಗುಂಪುಗಳಿಗೆ ಹರಿಬಿಡುವುದು ಆ ಚೌಕಟ್ಟಿನ ಹೊರಗೆ ಬೀಳುತ್ತದೆ. ಕನ್ನಡ ವಿಕಿಪೀಡಿಯದ ಲೇಖನಗಳನ್ನು ಮಾತ್ರ ಯಾರು ಬೇಕಾದರೂ ಸೇರಿಸಿ ಹಂಚಬಹುದು, ಮಾರಲೂಬಹುದು. ಮೂಲವನ್ನು ಹೆಸರಿಸುವುದು, ಬದಲಾವಣೆ ಮಾಡಿದ್ದರೆ ಹೇಳುವುದು, ಪರಿಷ್ಕರಿಸಿದ ಪಠ್ಯವನ್ನು ಅದೇ ಪರವಾನಗಿಯಲ್ಲಿ ಬಿಟ್ಟುಕೊಡುವುದು ಅದರ ಷರತ್ತು. ಮೊದಲ ಉತ್ತರದಲ್ಲಿ ಹೇಳಿದ ವಿಳಾಸ ಮತ್ತು ದಿನಾಂಕದ ಸಾಲು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಜೋಡಿಸಿದ ಫೈಲಿನಲ್ಲಿ ಎರಡು ಲೇಖನಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂದಿವೆ. ತಾವು ಹಿಂದೆ ಸೂಚಿಸಿದಂತೆ ಸಂಕೇತವನ್ನು ಯುಟಿಎಫ್-8 ಮಾಡಿದರೂ ಸರಿಯಾಗುತ್ತಿಲ್ಲ. (ಉಪ್ಪಳದ ಓದುಗರು)

ಉತ್ತರ: ಆ ಎರಡು ಪುಟಗಳು ಯುನಿಕೋಡ್ ರೂಢಿಗೆ ಬರುವ ಮೊದಲಿನ ಕಾಲದವಾಗಿರಬೇಕು. ಆಗ ನುಡಿ, ಬರಹ ಮುಂತಾದವುಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದರು. ಫೈಲಿನ ದೃಷ್ಟಿಯಿಂದ ಅದು ಇಂಗ್ಲಿಷೇ, ಕನ್ನಡವಾಗಿ ತೋರುತ್ತಿದ್ದುದು ಆ ಫಾಂಟು ಇದ್ದಾಗ ಮಾತ್ರ. ಅಂಥ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಪರಿವರ್ತನೆಯನ್ನು ಜೋಡಣೆಗೆ ಮೊದಲೇ, ಆ ಎರಡು ಪುಟಗಳಿಗೆ ಮಾತ್ರ ಮಾಡಬೇಕು. ಎಲ್ಲವೂ ಬೆರೆತ ಮೇಲೆ ಮಾಡಿದರೆ ಉಳಿದ ಲೇಖನಗಳಲ್ಲಿರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿ ಒಡೆಯುತ್ತವೆ. ಇಂಥ ಪುಟಗಳನ್ನು ಕೋಡ್ ತಾನೇ ಪತ್ತೆ ಹಚ್ಚಬೇಕೆಂದರೆ, ಒಂದೊಂದು ಲೇಖನದಲ್ಲೂ ಯುನಿಕೋಡ್‌ನ ಕನ್ನಡ ವಲಯಕ್ಕೆ, ಅಂದರೆ 0ಸಿ80ರಿಂದ 0ಸಿಎಫ್ಎಫ್‌ವರೆಗಿನ 128 ಸ್ಥಾನಗಳಿಗೆ ಸೇರಿದ ಅಕ್ಷರಗಳೆಷ್ಟು ಎಂದು ಎಣಿಸಲು ಹೇಳಿ. ಕನ್ನಡ ಲೇಖನದಲ್ಲಿ ಆ ಎಣಿಕೆ ಸೊನ್ನೆ ಬಂದರೆ ಆ ಪುಟವನ್ನು ಬೇರೆ ಫೋಲ್ಡರಿಗೆ ಸರಿಸಿಬಿಡಲಿ.